ಕೆರೆಯನ್ನು ನಿನಗೆ ಒಪ್ಪಿಸುವಾಗ

ಮಡಿಕೇರಿ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಈ ಕೊಯ್ಲು ಮುಗಿದ ಮೇಲೆ ತೋಟವನ್ನು ನೀನೇ ನೋಡಿಕೊಳ್ಳುವೆಯೆಂದು ತಿಳಿದು ಬಹಳ ಸಂತೋಷವಾಯಿತು. ಲೆಕ್ಕಪತ್ರಗಳನ್ನು ನಿನ್ನ ತಂದೆ ತಿಳಿಸಿಕೊಡುತ್ತಾನೆ. ನಾನು ಬರೆಯುತ್ತಿರುವುದು ಕೆರೆಯ ವಿಷಯ.

ಫೆಬ್ರವರಿ ಕಳೆಯುವ ಹೊತ್ತಿಗೆ ರೊಬಸ್ಟಾ ಕಾಫಿ ಗಿಡಗಳಲ್ಲಿ ಮೊಗ್ಗು ಬಲಿತು ನೀರಿಗಾಗಿ ಕಾಯುತ್ತಿರುತ್ತದೆ. ಹೂಮಳೆ ಒಂದು ಇಂಚಿನಷ್ಟಾದರೂ ಬಿದ್ದರೆ ಎಂಟು-ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ; ಬೀಳದಿದ್ದರೆ ಸ್ಪ್ರಿಂಕ್ಲರ್ ಹಾಕಲೇಬೇಕು. ಆಗ ತುಂಬಿದ ಕೆರೆಯನ್ನು ಕಂಡು ಇಡೀ ತೋಟಕ್ಕೆ ನೀರು ಕೊಟ್ಟುಬಿಡೋಣವೆಂಬ ಆಸೆ ಹುಟ್ಟುವುದು ಸಹಜ. ನಾನೂ ಒಂದು ವರ್ಷ ಹಾಗೆಯೇ ಮಾಡಿದೆ: ಹೂವೇನೋ ಕಣ್ತುಂಬ ಅರಳಿತು, ಆದರೆ ಮೂರು ವಾರಗಳ ಬಳಿಕ ಕೊಡಬೇಕಾದ ಎರಡನೆಯ ನೀರಿಗೆ ಕೆರೆಯಲ್ಲಿ ಕೆಸರಷ್ಟೇ ಉಳಿದಿತ್ತು, ಮಳೆಯೂ ಬರಲಿಲ್ಲ, ಕಚ್ಚಿದ ಕಾಯಿ ಕಣ್ಣೆದುರೇ ಉದುರಿತು. ಆದ್ದರಿಂದ ಎರಡು ಸಲವೂ ನೀರುಣಿಸಲು ಸಾಧ್ಯವಿರುವಷ್ಟು ಜಾಗಕ್ಕೆ ಮಾತ್ರ ಮೊದಲ ನೀರು ಕೊಡು; ಉಳಿದದ್ದು ಮಳೆಗೆ ಕಾಯಲಿ. ಹೂವಿರುವ ದಿನಗಳಲ್ಲಿ ಯಾವ ಔಷಧಿಯನ್ನೂ ಸಿಂಪಡಿಸಬೇಡ. ರೊಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವ ಜಾತಿಯಲ್ಲ, ಗಾಳಿಯನ್ನೂ ಜೇನ್ನೊಣವನ್ನೂ ನಂಬಿಕೊಂಡಿದೆ.

ಕೋಡಿಯನ್ನು ಮೇ ತಿಂಗಳಿನಲ್ಲಿಯೇ ಬಿಡಿಸಿಡು. ಕಕ್ಕಡ ತಿಂಗಳಿನ (ಜುಲೈ-ಆಗಸ್ಟ್) ಮಳೆಯಲ್ಲಿ ನೀರು ಕೋಡಿ ಸಿಗದೆ ಏರಿಯ ಮೇಲೆ ಹರಿದರೆ ಏರಿಯೇ ಕೊಚ್ಚಿಹೋಗುತ್ತದೆ. ಕೆರೆಯನ್ನು ದೊಡ್ಡದು ಮಾಡಲು ಮೇಲಿನ ಇಳಿಜಾರನ್ನು ಜೆಸಿಬಿಯಿಂದ ಕಡಿಸುವ ಯೋಚನೆಯಿದ್ದರೆ ದಯವಿಟ್ಟು ಕೈಬಿಡು, ಹೂಳು ತೆಗೆಸಿದರೆ ಸಾಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ್ದನ್ನು ನೋಡಿದ ಮೇಲೆ ನೆನೆದ ಮಣ್ಣಿನ ವಿಷಯದಲ್ಲಿ ನನಗೆ ಧೈರ್ಯವಿಲ್ಲ.

ಭತ್ತದಿಂದ ಲಾಭವಿಲ್ಲವೆಂದು ಕೆರೆಯ ಕೆಳಗಿನ ಗದ್ದೆಗೆ ಮಣ್ಣು ತುಂಬಿಸುವ ಮಾತು ಮನೆಯಲ್ಲಿ ನಡೆದಿದೆಯೆಂದು ಕೇಳಿದೆ. ಲಾಭವಿಲ್ಲವೆಂಬುದು ನಿಜ. ಆದರೆ ಆ ಗದ್ದೆ ಮಳೆಗಾಲವಿಡೀ ನೀರನ್ನು ನಿಲ್ಲಿಸಿಕೊಂಡು ನೆಲಕ್ಕೆ ಇಳಿಸುವುದರಿಂದಲೇ ಅದರ ಅಂಚಿನ ನಮ್ಮ ಬಾವಿಯಲ್ಲಿ ಮಾರ್ಚ್‌ನಲ್ಲೂ ನೀರಿರುತ್ತದೆ. ಸುಗ್ಗಿಯ ಹಬ್ಬವಾದ ಹುತ್ತರಿಯ ರಾತ್ರಿ ಕದಿರು ತೆಗೆಯಲು ನಮ್ಮ ಮನೆಯವರು ಬೇರೆಯವರ ಗದ್ದೆಗೆ ಹೋಗುವುದನ್ನು ನಾನು ನೋಡಲಾರೆ.

ಗೌರಿ ಹಬ್ಬಕ್ಕೆ ನಿನ್ನ ದೊಡ್ಡಮ್ಮ ದೊಡ್ಡಮಳ್ತೆಯ ಹೊನ್ನಮ್ಮನ ಕೆರೆಗೆ ಬಾಗಿನ ಅರ್ಪಿಸಬೇಕೆಂದಿದ್ದಾಳೆ. ಅಲ್ಲಿಂದ ನೇರವಾಗಿ ಮನೆಗೆ ಬರುತ್ತೇವೆ. ಕೋಡಿಯಲ್ಲಿ ನೀರು ಹೇಗೆ ಹೋಗುತ್ತಿದೆಯೆಂದು ಆಗ ಇಬ್ಬರೂ ನಿಂತು ನೋಡೋಣ.

ಇಂತು ನಿನ್ನ ದೊಡ್ಡಪ್ಪ