ಮಗಳಿಗೊಂದು ಪತ್ರ: ಹಳೆಯ ಬಟ್ಟೆಯ ಮಳಿಗೆಯ ಬಗ್ಗೆ

ಪ್ರೀತಿಯ ಮಗಳೇ,

ಅಮ್ಮನ ಆಶೀರ್ವಾದಗಳು. ಇಲ್ಲಿ ದಾವಣಗೆರೆಯಲ್ಲಿ ನಾವೆಲ್ಲರೂ ಕ್ಷೇಮವಾಗಿದ್ದೇವೆ. ನಿಮ್ಮ ಶಾಲೆಯ ಇಕೋ ಕ್ಲಬ್‌ನಲ್ಲಿ ಸೆಕೆಂಡ್ ಹ್ಯಾಂಡ್ ಬಟ್ಟೆ ಕೊಳ್ಳುವುದರ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತೆಂದೂ, ಕಾರ್ಯದರ್ಶಿಯಾದ ನೀನು ಎಲ್ಲರ ಮಾತನ್ನೂ ಬರೆದುಕೊಂಡರೂ ಕೊನೆಗೆ ಒಂದು ತೀರ್ಮಾನಕ್ಕೆ ಬರಲಾಗಲಿಲ್ಲವೆಂದೂ ಬರೆದಿದ್ದೀಯೆ. ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಶಾಲೆಯಲ್ಲೇ ಹಳೆಯ ಬಟ್ಟೆಗಳ ಮಳಿಗೆ ಇಡಬಹುದೇ, ಹೊಲಿಗೆಯಲ್ಲೇ ಜೀವನ ಮಾಡುವ ಅಮ್ಮ ಇದಕ್ಕೆ ಏನು ಹೇಳುತ್ತಾಳೆ ಎಂದು ಕೇಳಿದ್ದೀಯೆ. ಇಷ್ಟು ವರ್ಷ ಊರಿನವರ ಬಟ್ಟೆಯನ್ನು ಕತ್ತರಿಸಿ, ಬಿಚ್ಚಿ, ಮತ್ತೆ ಜೋಡಿಸಿ ಕೊಟ್ಟಿರುವ ನನಗೆ ಈ ವಿಷಯದಲ್ಲಿ ಹೇಳುವುದು ಬಹಳವಿದೆ. ಸಮಾಧಾನವಾಗಿ ಓದು.

ಮೊದಲು ಸುಲಭದ ಪ್ರಶ್ನೆಯನ್ನು ಮುಗಿಸಿಬಿಡೋಣ. ಬೇರೆಯವರು ತೊಟ್ಟ ಬಟ್ಟೆಯಿಂದ ರೋಗ ಬರುತ್ತದೆ ಎಂದು ಒಬ್ಬ ಹುಡುಗ ಹೇಳಿದನೆಂದು ಬರೆದಿದ್ದೀಯೆ. ಆ ಭಯವನ್ನು ತಳ್ಳಿಹಾಕಬೇಡಿ, ಆದರೆ ಅದಕ್ಕೆ ಪರಿಹಾರ ನಮ್ಮ ಹಿತ್ತಲಿನಲ್ಲೇ ಇದೆ. ಕಜ್ಜಿಯ ಹುಳು ಮನುಷ್ಯನ ಮೈಬಿಟ್ಟು ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಬಂದ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಒಂದು ವಾರ ಬದಿಗಿಟ್ಟು, ಬಿಸಿನೀರಿನಲ್ಲಿ ಸೋಪುಹಾಕಿ ಒಗೆದು, ಬಿಸಿಲಿನಲ್ಲಿ ಒಣಗಿಸಿ ಇಸ್ತ್ರಿ ಮಾಡಿದರೆ ಸಾಕು. ಒಳಉಡುಪು, ಕಾಲುಚೀಲಗಳನ್ನು ಮಾತ್ರ ತೆಗೆದುಕೊಳ್ಳಬೇಡಿ. ಅಂಗಡಿಯಲ್ಲಿ ಹೊಸದೆಂದು ಕೊಂಡ ಬಟ್ಟೆಯನ್ನೂ ಎಷ್ಟೋ ಜನ ಮೈಮೇಲೆ ಹಾಕಿ ನೋಡಿ ಬಿಟ್ಟಿರುತ್ತಾರೆ ಎಂಬುದನ್ನು ಆ ಹುಡುಗನಿಗೆ ತಿಳಿಸು.

ಬಟ್ಟೆಯನ್ನು ಆರಿಸುವುದು ಹೇಗೆ ಎಂಬುದು ಇದಕ್ಕಿಂತ ಮುಖ್ಯವಾದ ವಿಷಯ, ಏಕೆಂದರೆ ಮಳಿಗೆಯಲ್ಲಿ ಹಾಳುಬಿದ್ದದ್ದನ್ನು ಇಟ್ಟರೆ ಮೊದಲ ದಿನವೇ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ. ಅಂಗಿ ಬಂದ ಕೂಡಲೇ ಕಂಕುಳಿನ ಭಾಗವನ್ನು ಒಳಮಗ್ಗುಲಿಗೆ ತಿರುಗಿಸಿ ನೋಡಿ. ಬೆವರು ಕುಡಿದ ಬಟ್ಟೆ ಅಲ್ಲಿ ಮೊದಲು ಬಣ್ಣಗೆಡುತ್ತದೆ, ಆಮೇಲೆ ಜೀರ್ಣವಾಗುತ್ತದೆ. ಎರಡೂ ಹೆಬ್ಬೆರಳಿನಿಂದ ಹಿಡಿದು ಮೆಲ್ಲಗೆ ಎಳೆದಾಗ ದಾರ ಬಿಡುವ ಸದ್ದು ಬಂದರೆ ಅದನ್ನು ಪಕ್ಕಕ್ಕಿಡಿ. ಪ್ಯಾಂಟಿನ ಕೂರುವ ಭಾಗವನ್ನೂ ಮೊಣಕಾಲನ್ನೂ ಕಿಟಕಿಯ ಬೆಳಕಿಗೆ ಹಿಡಿದರೆ ನೇಯ್ಗೆ ತೆಳುವಾದದ್ದು ತಿಳಿಯುತ್ತದೆ. ಕಾಲರ್ ಸವೆದಿದ್ದರೆ ಗಾಬರಿ ಬೇಡ. ಕಾಲರನ್ನು ಬಿಚ್ಚಿ, ಸವೆದ ಮಗ್ಗುಲು ಕೆಳಗೆ ಬರುವಂತೆ ತಿರುಗಿಸಿ ಹೊಲಿದರೆ ಅಂಗಿ ಇನ್ನೂ ಎರಡು ವರ್ಷ ಬರುತ್ತದೆ. ನಿನ್ನ ತಾತನ ಬಿಳಿ ಅಂಗಿಗಳೆಲ್ಲ ಹೀಗೆಯೇ ಬಾಳಿದವು. ಇನ್ನೊಂದು ಸಂಗತಿ. ದರ್ಜಿ ಹೊಲಿದ ಬಟ್ಟೆಯಲ್ಲಿ ಮೈ ಬೆಳೆಯುತ್ತದೆಂದು ಪಕ್ಕದ ಹೊಲಿಗೆಯೊಳಗೆ ಒಂದಿಂಚು ಬಟ್ಟೆ ಬಿಟ್ಟಿರುತ್ತಾರೆ. ರೆಡಿಮೇಡ್ ಬಟ್ಟೆಯಲ್ಲಿ ಕಾಲಿಂಚಿನಷ್ಟು ಮಾತ್ರ ಉಳಿಸಿ, ಅಂಚಿನ ದಾರ ಬಿಡದಂತೆ ಓವರ್‌ಲಾಕ್ ಹೊಲಿಗೆ ಹಾಕಿರುತ್ತಾರೆ, ಆದ್ದರಿಂದ ಅದನ್ನು ಚಿಕ್ಕದು ಮಾಡಬಹುದೇ ಹೊರತು ದೊಡ್ಡದು ಮಾಡಲಾಗುವುದಿಲ್ಲ. ರೆಡಿಮೇಡ್ ಹಳೆಯದನ್ನು ಕೊಳ್ಳುವವರು ಒಂದು ಸೈಜು ದೊಡ್ಡದನ್ನೇ ಕೊಳ್ಳಲಿ.

ಹೊಸ ಟೀ ಶರ್ಟ್ 200 ರೂಪಾಯಿಗೆ ಸಿಗುವಾಗ ಹಳೆಯದಕ್ಕೆ ಯಾಕೆ ದುಡ್ಡು ಕೊಡಬೇಕು ಎಂದು ನಿನ್ನ ಗೆಳತಿ ಕೇಳಿದ ಪ್ರಶ್ನೆ ನನಗೆ ಹಿಡಿಸಿತು. ಅದಕ್ಕೆ ಉತ್ತರವನ್ನು ಆ 200 ರೂಪಾಯಿಯಲ್ಲೇ ಹುಡುಕಬೇಕು. ಒಂದು ಹತ್ತಿಯ ಟೀ ಶರ್ಟಿಗೆ ಬೇಕಾಗುವ ಹತ್ತಿಯನ್ನು ಬೆಳೆದು ಬಟ್ಟೆ ಮಾಡುವಷ್ಟರಲ್ಲಿ ಸುಮಾರು 2,700 ಲೀಟರ್ ನೀರು ಬೇಕೆಂಬ ಅಂದಾಜು ಬಹಳ ಕಡೆ ಉಲ್ಲೇಖವಾಗಿದೆ. ಹತ್ತಿ ಬೆಳೆಯುವ ನೆಲ, ಮಳೆ, ನೀರಾವರಿಗೆ ತಕ್ಕಂತೆ ಆ ಲೆಕ್ಕ ಏರಿಳಿಯುತ್ತದೆ; ಆದರೂ ಬೆಲೆಯ ಚೀಟಿಯಲ್ಲಿ ಆ ನೀರಿಗೆ ಲೆಕ್ಕವಿಲ್ಲ. ಹೊಲಿಯುವ ಕೈಗಳಿಗೂ ಸರಿಯಾದ ಲೆಕ್ಕವಿಲ್ಲ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಸಮೀಪ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು, ಆದರೂ ಗಾರ್ಮೆಂಟ್ಸ್ ಕೆಲಸಗಾರರನ್ನು ಒಳಗೆ ಕರೆಸಿಕೊಂಡಿದ್ದರು. ನಮ್ಮ ರಾಜ್ಯದಲ್ಲಿಯೂ 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹಣ ಹಿಂಪಡೆಯುವುದಕ್ಕೆ ತಡೆಯೊಡ್ಡುವ ನಿಯಮದ ವಿರುದ್ಧ ಗಾರ್ಮೆಂಟ್ಸ್‌ನ ಸಾವಿರಾರು ಹೆಣ್ಣುಮಕ್ಕಳು ಬೆಂಗಳೂರಿನ ರಸ್ತೆಗಿಳಿದರು, ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಬೇಕಾಯಿತು. ಒಂದು ಅಂಗಿಯನ್ನು ಇನ್ನೆರಡು ವರ್ಷ ಬಾಳಿಸುವುದೆಂದರೆ ಈ ನೀರಿಗೂ ಈ ದುಡಿಮೆಗೂ ಬೆಲೆ ಕೊಡುವುದೆಂದು ನಾನು ತಿಳಿದಿದ್ದೇನೆ.

ಆದರೆ ಹಳೆಯದು ಅಗ್ಗವೆಂದು ಎಂಟು ಟಾಪ್ ಕೊಂಡು ಕಪಾಟು ತುಂಬಿಸುವುದನ್ನು ಪರಿಸರದ ಕೆಲಸವೆಂದು ಕರೆಯಬೇಡಿ. ದಾನಕ್ಕೆ ಕೊಟ್ಟ ಬಟ್ಟೆಯೆಲ್ಲ ಬಡವರ ಮೈಮೇಲೆ ಸೇರುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಘಾನಾ ದೇಶದ ಅಕ್ರಾ ನಗರದಲ್ಲಿ ಕಾಂಟಮಾಂಟೊ ಎಂಬ ದೊಡ್ಡ ಮಾರುಕಟ್ಟೆಯಿದೆ. ಯುರೋಪು, ಅಮೆರಿಕಗಳ ಜನ ಬಿಟ್ಟ ಬಟ್ಟೆ ಅಲ್ಲಿಗೆ ಮೂಟೆಮೂಟೆಯಾಗಿ ಬರುತ್ತದೆ, ಒಳಗೆ ಏನಿದೆಯೆಂದು ತಿಳಿಯದೆಯೇ ವ್ಯಾಪಾರಿಗಳು ಸಾಲ ಮಾಡಿ ಮೂಟೆ ಕೊಳ್ಳುತ್ತಾರೆ. ತೊಡಲಾಗದ್ದು ಹೆಚ್ಚಾಗಿ ಬಂದರೆ ನಷ್ಟ ಅವರಿಗೆ, ಕಸ ಆ ಊರಿನ ಚರಂಡಿಗೂ ಕಡಲಿಗೂ. 2025ರ ಜನವರಿಯ ಮೊದಲ ದಿನಗಳಲ್ಲಿ ಆ ಮಾರುಕಟ್ಟೆಯ ಬಹುಭಾಗ ಬೆಂಕಿಗೆ ತುತ್ತಾಯಿತು. ನಮ್ಮ ದೇಶದಲ್ಲಿ ಹರಿಯಾಣದ ಪಾಣಿಪತ್ ಹಳೆಯ ಬಟ್ಟೆಯನ್ನು ಮತ್ತೆ ನೂಲು ಮಾಡುವ ಕೆಲಸಕ್ಕೆ ಹೆಸರಾಗಿದೆ. ಅಲ್ಲಿ ಹಳೆಯ ಉಣ್ಣೆಯ ಬಟ್ಟೆಯಿಂದ ಗುಂಡಿ, ಜಿಪ್ಪು ಕಿತ್ತು, ಬಣ್ಣಬಣ್ಣಕ್ಕೆ ಬೇರ್ಪಡಿಸಿ, ಹರಿದು ಎಳೆ ಮಾಡಿ, ಮತ್ತೆ ನೂತು ಕಂಬಳಿ ನೇಯುತ್ತಾರೆ. ನೆರೆ, ಭೂಕಂಪದ ಸಮಯದಲ್ಲಿ ಹಂಚುತ್ತಿದ್ದ ಅಗ್ಗದ ಕಂಬಳಿಗಳು ಬಹಳ ಕಾಲ ಹೆಚ್ಚಾಗಿ ಇಂಥವೇ ಆಗಿದ್ದವು.

ಈಗ ಪತ್ರದಲ್ಲಿ ನೀನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋದ ವಿಷಯಕ್ಕೆ ಬರುತ್ತೇನೆ. ಸಂಗ್ರಹವಾದ ಬಟ್ಟೆಯಲ್ಲಿ ಒಳ್ಳೆಯದನ್ನು ಮಾರಿ, ಉಳಿದದ್ದನ್ನು ಶುಲ್ಕ ವಿನಾಯಿತಿಯಲ್ಲಿ ಓದುವ ಮಕ್ಕಳಿಗೆ ಸಭೆಯಲ್ಲಿ ಕರೆದು ಕೊಡೋಣ ಎಂದು ಒಬ್ಬರು ಸೂಚಿಸಿದರು, ಹಲವರು ಚಪ್ಪಾಳೆ ತಟ್ಟಿದರು, ಕೊನೆಯ ಸಾಲಿನ ಇಬ್ಬರು ಹುಡುಗಿಯರು ಮಾತ್ರ ಚರ್ಚೆ ಮುಗಿಯುವವರೆಗೂ ಬಾಯಿ ಬಿಡಲಿಲ್ಲ ಎಂದಿದ್ದೀಯೆ. ನಿಮ್ಮ ಇಡೀ ಚರ್ಚೆಯಲ್ಲಿ ನನ್ನನ್ನು ಯೋಚನೆಗೆ ಹಚ್ಚಿದ್ದು ಆ ಇಬ್ಬರ ಮೌನ.

ನಮ್ಮ ನಾಡಿನಲ್ಲಿ ಹಳೆಯ ಬಟ್ಟೆ ಎಲ್ಲರಿಗೂ ಒಂದೇ ಅಲ್ಲ, ಮಗಳೇ. ದೊಡ್ಡ ಊರಿನ ಹುಡುಗಿಗೆ ಅದು ಥ್ರಿಫ್ಟ್ ಎಂಬ ಹೊಸ ಫ್ಯಾಷನ್. ಆದರೆ ಇಲ್ಲಿ ಕೆಲವರಿಗೆ ಬೇರೆಯವರು ಬಿಟ್ಟದ್ದನ್ನೇ ತೊಡಬೇಕೆಂದು ವಿಧಿಸಿದ್ದ ಕಾಲವಿತ್ತು. ಚಂಡಾಲರ ಉಡುಪು ಸತ್ತವರ ಬಟ್ಟೆಯಾಗಿರಬೇಕು ಎಂದು ಮನುಸ್ಮೃತಿಯ ಹತ್ತನೆಯ ಅಧ್ಯಾಯ ಹೇಳುತ್ತದೆ. ಕೂಲಿಯನ್ನು ಸರಿಯಾಗಿ ಕೊಡದೆ ಹಬ್ಬಕ್ಕೊಂದು ಹಳೆಯ ಸೀರೆ ಕೊಟ್ಟು ಕೈತೊಳೆದುಕೊಳ್ಳುವ ಮನೆಗಳು ಇಂದಿಗೂ ಇವೆ. ಹೀಗೆ ಪಡೆದ ಸೀರೆಯುಟ್ಟ ತಾಯಿಯನ್ನು ಕಂಡು ಬೆಳೆದ ಹುಡುಗಿಗೆ, ಸಹಪಾಠಿಯ ಹಳೆಯ ಅಂಗಿಯನ್ನು ವೇದಿಕೆಯ ಮೇಲೆ ಎಲ್ಲರೆದುರು ಕೈಚಾಚಿ ತೆಗೆದುಕೊಳ್ಳುವುದು ಹೇಗನ್ನಿಸಬಹುದು ಎಂದು ಚಪ್ಪಾಳೆ ತಟ್ಟಿದವರು ಒಂದು ಗಳಿಗೆ ಯೋಚಿಸಲಿ. ಕೊಡುವವರ ಮನಸ್ಸಿನಲ್ಲಿ ಕೆಡುಕಿಲ್ಲವೆಂದು ನನಗೆ ಗೊತ್ತು. ಆದರೂ ಅದು ನೋಯಿಸುತ್ತದೆ, ಮರುದಿನ ಆಟದ ಮೈದಾನದಲ್ಲಿ ಇದು ನನ್ನ ಅಂಗಿ ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ.

ಹಳೆಯ ಬಟ್ಟೆಯೆಂದರೆ ಯಾವಾಗಲೂ ಹೀಗೇ ಎಂದು ಮಾತ್ರ ತಿಳಿಯಬೇಡ. ನಮ್ಮ ಕಡೆ ಮನೆಮನೆಯಲ್ಲೂ ಅಜ್ಜಿಯ ಸೀರೆ, ಅಪ್ಪನ ಪಂಚೆ, ಮಕ್ಕಳ ಲಂಗದ ತುಂಡುಗಳನ್ನು ಪದರಪದರವಾಗಿ ಹಾಸಿ ಕೌದಿ ಹೊಲಿಯುತ್ತಾರೆ. ಬಾಣಂತಿಯ ಕೋಣೆಯಲ್ಲಿ ಕೂಸಿಗೆ ಮೊದಲು ಹಾಸುವುದೂ ಅದನ್ನೇ. ಪಾತ್ರೆ ಮಾರುವವಳು ಬೀದಿಗೆ ಬಂದಾಗ ಹಳೇ ಬಟ್ಟೆ ಹಾಕಿ ಸ್ಟೀಲ್ ಡಬ್ಬಿ ತೆಗೆದುಕೊಳ್ಳುವಾಗ ಹೆಂಗಸರು ಎಷ್ಟು ಚೌಕಾಸಿ ಮಾಡುತ್ತಾರೆಂದು ನೀನೇ ನೋಡಿದ್ದೀಯೆ. ಅಲ್ಲಿ ಯಾರ ತಲೆಯೂ ತಗ್ಗುವುದಿಲ್ಲ, ಯಾಕೆಂದರೆ ಅದು ವ್ಯಾಪಾರ. 1999ರಲ್ಲಿ ಅಂಶು ಗುಪ್ತಾ ಅವರು ಆರಂಭಿಸಿದ, ನಗರಗಳ ಹಳೆಯ ಬಟ್ಟೆಯನ್ನು ಸಂಗ್ರಹಿಸಿ ಹಳ್ಳಿಗಳಿಗೆ ತಲುಪಿಸುವ ಗೂಂಜ್ ಸಂಸ್ಥೆ ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡಿದೆ. ಹಳ್ಳಿಯ ಜನ ಕೂಡಿ ಬಾವಿ ತೋಡುತ್ತಾರೆ, ದಾರಿ ಮಾಡುತ್ತಾರೆ, ಆ ದುಡಿಮೆಗೆ ಪ್ರತಿಯಾಗಿ ಬಟ್ಟೆ ಪಡೆಯುತ್ತಾರೆ. ಪಡೆದವರು ದುಡಿದು ಗಳಿಸಿದವರಾಗುತ್ತಾರೆ. ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಆದ್ದರಿಂದ ನಿಮ್ಮ ಮಳಿಗೆಯಲ್ಲಿ ಯಾರಿಗೂ ಏನನ್ನೂ ದಾನವಾಗಿ ಕೊಡಬೇಡಿ. ಎಲ್ಲವನ್ನೂ ಎಲ್ಲರಿಗೂ ಮಾರಿ. ಬೆಲೆ ಎಲ್ಲರ ಕೈಗೆಟಕುವಂತೆ ಕಡಿಮೆಯಿರಲಿ, ಅಂಗಿಗೆ ಇಷ್ಟು, ಸ್ಕರ್ಟಿಗೆ ಇಷ್ಟು ಎಂದು ಒಂದೇ ದರವಿರಲಿ. ಯಾರು ಏನು ಕೊಂಡರೆಂದು ಪುಸ್ತಕದಲ್ಲಿ ಬರೆಯಬೇಡಿ, ಫೋಟೊ ತೆಗೆಯಬೇಡಿ. ಹಣ ತರಲಾಗದವರು ತಮ್ಮ ಒಂದು ಬಟ್ಟೆ ಕೊಟ್ಟು ಇನ್ನೊಂದನ್ನು ಒಯ್ಯಬಹುದು, ಇಲ್ಲವೇ ಮಳಿಗೆಯಲ್ಲಿ ಒಂದು ಮಧ್ಯಾಹ್ನ ಇಸ್ತ್ರಿ ಹಾಕಿ ಕೊಡಬಹುದು. ಆದರೆ ಈ ಅವಕಾಶವೂ ಎಲ್ಲರಿಗೂ ಇರಬೇಕು, ಕೆಲವರಿಗೆಂದು ಹೆಸರಿಸಿದರೆ ಮತ್ತೆ ಮೊದಲಿನ ಕಥೆಯೇ. ಮೊದಲು ಕೊಳ್ಳುವವರು ಕ್ಲಬ್ಬಿನ ಪದಾಧಿಕಾರಿಗಳೇ ಆಗಿರಲಿ. ಕೊಂಡದ್ದನ್ನು ಜೂನ್‌ನಲ್ಲಿ ಶಾಲೆ ಆರಂಭವಾದಾಗ ತೊಟ್ಟುಕೊಂಡು ಬನ್ನಿ.

ಈ ವರ್ಷ ಯೂನಿಫಾರ್ಮ್ ಒಂದನ್ನೇ ಮಾರಿ ಎಂಬುದು ನನ್ನ ಇನ್ನೊಂದು ಸಲಹೆ. ಬಣ್ಣದ ಬಟ್ಟೆಯಲ್ಲಿ ಬ್ರ್ಯಾಂಡ್ ಯಾವುದು, ಯಾರದು ಚೆಂದ ಎಂಬ ಹೋಲಿಕೆ ಬರುತ್ತದೆ, ಯೂನಿಫಾರ್ಮ್‌ನಲ್ಲಿ ಅದಿಲ್ಲ. ಮಕ್ಕಳು ಯೂನಿಫಾರ್ಮ್ ಸವೆಸುವ ಮೊದಲೇ ಬೆಳೆದುಬಿಡುತ್ತಾರೆ, ಆದ್ದರಿಂದ ಎಂಟನೆಯ ತರಗತಿಯ ಸ್ಕರ್ಟು ಹತ್ತನೆಯ ತರಗತಿಗೆ ಬರುವ ವೇಳೆಗೆ ಗಟ್ಟಿಮುಟ್ಟಾಗಿಯೇ ಕಪಾಟಿನಲ್ಲಿ ಕೂತಿರುತ್ತದೆ. ಪ್ರತಿ ಮೇ ತಿಂಗಳಲ್ಲಿ ನನ್ನ ಅಂಗಡಿಗೆ ಸ್ಕರ್ಟಿನ ಕೆಳಗಿನ ಮಡಿಕೆ ಬಿಚ್ಚಿ ಉದ್ದ ಮಾಡಿಕೊಡಿ ಎಂದು ತಾಯಂದಿರು ಬರುತ್ತಾರೆ. ಬಿಚ್ಚಿದಾಗ ಒಳಗಿದ್ದ ಭಾಗ ಬಿಸಿಲು ಕಾಣದೆ ಕಡುನೀಲಿಯಾಗಿಯೇ ಉಳಿದಿರುತ್ತದೆ, ಮೇಲಿನದು ಮಾಸಿರುತ್ತದೆ, ಮಡಿಕೆಯಿದ್ದ ಕಡೆ ಒಂದು ಬಿಳಿಗೆರೆ ಎಷ್ಟು ಇಸ್ತ್ರಿ ಹಾಕಿದರೂ ಹೋಗುವುದಿಲ್ಲ. ಅಷ್ಟಗಲದ ಪಟ್ಟಿಯನ್ನು ಕಂಡೇ ತರಗತಿಯ ಮಕ್ಕಳು ಆ ಮನೆಯ ಕಷ್ಟವನ್ನು ಓದಿಬಿಡುತ್ತಾರೆ. ಅಳತೆಗೆ ಸರಿಹೊಂದುವ ಸ್ಕರ್ಟು ಕಡಿಮೆ ಬೆಲೆಗೆ ಶಾಲೆಯಲ್ಲೇ ಸಿಗುವಂತಾದರೆ ಆ ಪಟ್ಟಿಯೇ ಇರುವುದಿಲ್ಲ. ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಸಮವಸ್ತ್ರ ಬರುತ್ತದೆ, ನಿಮ್ಮಂಥ ಶಾಲೆಯಲ್ಲಿ ತಂದೆತಾಯಿಯರೇ ಹೊಂದಿಸಬೇಕು. ಇಂಗ್ಲೆಂಡಿನಲ್ಲಿ ಸಮವಸ್ತ್ರದ ವೆಚ್ಚದ ಬಗ್ಗೆ 2021ರಲ್ಲಿ ಒಂದು ಕಾನೂನು ಬಂದಿದೆ. ಅದರಡಿ ಹೊರಡಿಸಿದ ಮಾರ್ಗಸೂಚಿಯು ಬಳಸಿದ ಸಮವಸ್ತ್ರ ಪೋಷಕರಿಗೆ ಸಿಗುವಂತೆ ಶಾಲೆಗಳೇ ನೋಡಿಕೊಳ್ಳಬೇಕೆಂದು ಹೇಳುತ್ತದೆ. ಮುಖ್ಯೋಪಾಧ್ಯಾಯರನ್ನು ಕಾಣುವಾಗ ಇದನ್ನು ವಿನಯದಿಂದ ತಿಳಿಸಿ.

ಒಂದು ಸಣ್ಣ ಕೆಲಸವನ್ನು ಮಾತ್ರ ಮರೆಯಬೇಡ. ಹಾಸ್ಟೆಲ್ ಮಕ್ಕಳ ಬಟ್ಟೆಯಲ್ಲಿ ಕಾಲರಿನ ಒಳಗೂ ಸೊಂಟಪಟ್ಟಿಯ ಮೇಲೂ ಹೆಸರು ಅಥವಾ ನಂಬರನ್ನು ಅಳಿಯದ ಇಂಕಿನಲ್ಲಿ ಬರೆದಿರುತ್ತಾರೆ. ಅದು ಉಳಿದರೆ ನಾನು ಮೇಲೆ ಬರೆದದ್ದೆಲ್ಲ ವ್ಯರ್ಥ. ಅದೇ ಬಣ್ಣದ ಬಟ್ಟೆಯ ಎರಡಿಂಚಿನ ತುಂಡನ್ನು ಅದರ ಮೇಲಿಟ್ಟು ನಾಲ್ಕೂ ಬದಿ ಹೊಲಿದುಬಿಟ್ಟರೆ ಸಾಕು. ನಿಮ್ಮ ಯೂನಿಫಾರ್ಮಿನ ಬಣ್ಣದ ತುಂಡುಗಳು ನನ್ನ ಅಂಗಡಿಯ ಚೀಲದಲ್ಲಿವೆ, ಕತ್ತರಿಸಿ ಕಳಿಸುತ್ತೇನೆ. ಪರೀಕ್ಷೆ ಮುಗಿದ ವಾರ ನಾನೇ ಬಂದು ಎರಡು ದಿನ ಇದ್ದು ಗುಂಡಿ, ಜಿಪ್ಪು, ಕಾಲರಿನ ಕೆಲಸವನ್ನು ನಿಮ್ಮ ಕ್ಲಬ್ಬಿನವರಿಗೆ ಕಲಿಸಿಕೊಡಬಲ್ಲೆ. ಹುಡುಗರೂ ಕೂತು ಕಲಿಯಲಿ. ಶಾಲೆಯಲ್ಲಿ ಹೊಲಿಗೆ ಯಂತ್ರ ಇದೆಯೇ, ಇದ್ದರೆ ಕಾಲಿನಿಂದ ತುಳಿಯುವುದೋ ಮೋಟಾರಿನದೋ ಎಂದು ವಿಚಾರಿಸಿ ಬೇಗ ಬರೆ.

ಇಂತಿ ನಿನ್ನ ಪ್ರೀತಿಯ
ಅಮ್ಮ