ಶಿಸ್ತುಕ್ರಮಕ್ಕೆ ಮುನ್ನ: ಸದಸ್ಯರ ಗಮನಕ್ಕೆ

ಪೀಣ್ಯ ಭಾಗದ ಕಾರ್ಖಾನೆಗಳ ಮಾಲೀಕರಿಗೂ ಸಿಬ್ಬಂದಿ ವಿಭಾಗದವರಿಗೂ ನಮಸ್ಕಾರಗಳು.

ಆಡಳಿತ ವರ್ಗದ ಪರವಾಗಿ ಕಾರ್ಮಿಕ ನ್ಯಾಯಾಲಯದಲ್ಲಿ ವಾದಿಸುವ ವಕೀಲನಾಗಿ ನನ್ನ ಕೋರಿಕೆ ಇಷ್ಟೇ: ನೌಕರರನ್ನು ವಜಾ ಮಾಡಿದ ನಂತರ ಕಡತ ತರುವ ಬದಲು, ಆರೋಪ ಪತ್ರ ಸಿದ್ಧಪಡಿಸುವ ಹಂತದಲ್ಲಿಯೇ ದಯವಿಟ್ಟು ಸಂಪರ್ಕಿಸಿ.

ಈಚೆಗೆ ನನ್ನ ಕೈಗೆ ಬಂದ ಕಡತವೊಂದರಲ್ಲಿ ದೂರು ಕೊಟ್ಟ ಮೇಲ್ವಿಚಾರಕರೇ ವಿಚಾರಣಾಧಿಕಾರಿಯಾಗಿ ಸಹಿ ಹಾಕಿದ್ದರು. ನೌಕರರಿಗೆ ಕಳುಹಿಸಿದ ನೋಟಿಸು, 'ಬಾಗಿಲಿಗೆ ಬೀಗ' ಎಂಬ ಅಂಚೆಯವರ ಬರಹದೊಂದಿಗೆ ಮರಳಿ ಬಂದು, ಲಕೋಟೆ ಒಡೆಯದೆ ಹಾಗೆಯೇ ಕಡತದಲ್ಲಿತ್ತು. ತಪ್ಪು ನಿಜವಾಗಿ ನಡೆದಿದ್ದರೂ ಇಂಥ ವಿಚಾರಣೆಯನ್ನು ಸಮರ್ಥಿಸುವುದು ಬಹಳ ಕಷ್ಟ. ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸುವ ಅವಕಾಶವನ್ನೂ ದಾಖಲೆಗಳ ಪ್ರತಿಗಳನ್ನೂ ನೌಕರರಿಗೆ ಕೊಡಲೇಬೇಕು. ಅದು ಔದಾರ್ಯವಲ್ಲ, ಅವರ ಹಕ್ಕು ಎಂದೇ ನಾನು ನಂಬಿದ್ದೇನೆ.

ವಿಚಾರಣೆ ಸರಿಯಾಗಿ ನಡೆದಿದ್ದರೂ ಶಿಕ್ಷೆ ತಪ್ಪಿಗೆ ಮೀರಿದ್ದೆನಿಸಿದರೆ ಅದನ್ನು ತಗ್ಗಿಸುವ ಅಧಿಕಾರವನ್ನು, 1947ರ ಕೈಗಾರಿಕಾ ವಿವಾದಗಳ ಕಾಯ್ದೆಗೆ 1971ರ ತಿದ್ದುಪಡಿಯಿಂದ ಸೇರಿದ 11ಎ ಕಲಂ ನ್ಯಾಯಾಲಯಕ್ಕೆ ನೀಡಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಅಂಥದೇ ಅಧಿಕಾರವಿದೆ. ಆದ್ದರಿಂದ ವಜಾ ಆದೇಶ ಹೊರಡಿಸುವ ಮುನ್ನ ನೌಕರರ ಹಿಂದಿನ ಸೇವಾ ದಾಖಲೆಯನ್ನು ಪರಿಶೀಲಿಸಿ, ಅದನ್ನು ಪರಿಗಣಿಸಿದ್ದನ್ನು ಆದೇಶದಲ್ಲಿಯೇ ಬರೆಯಿರಿ.

ವಿಚಾರಣೆ ಬಾಕಿಯಿರುವಾಗ ಅಮಾನತುಗೊಂಡವರಿಗೆ ಮೊದಲ 90 ದಿನ ವೇತನದ ಶೇ. 50ರಷ್ಟು ಜೀವನಾಧಾರ ಭತ್ಯೆ ಸಲ್ಲಬೇಕು. ಅದನ್ನು ತಡೆಹಿಡಿದು ನೌಕರರನ್ನು ರಾಜೀನಾಮೆಗೆ ಒತ್ತಾಯಿಸುವ ಪ್ರಕರಣಗಳನ್ನು ನಾನು ವಹಿಸಿಕೊಳ್ಳುವುದಿಲ್ಲ.

ಸದ್ಯ ವಿಚಾರಣೆ ನಡೆಸುತ್ತಿರುವವರು ನೌಕರರ ಹೆಸರನ್ನಾಗಲಿ ದಾಖಲೆಗಳನ್ನಾಗಲಿ ಈ ಗುಂಪಿನಲ್ಲಿ ಹಾಕದೆ, ನನಗೆ ನೇರವಾಗಿ ಕರೆ ಮಾಡಬೇಕೆಂದು ವಿನಂತಿ.