ಹಿಂದೆ ಬರುವವನಿಗೆ ಕಾಣುವ ದೀಪ

ಚಿಕ್ಕಬಳ್ಳಾಪುರ
ಭಾನುವಾರ

ಚಿ. ಶ್ರುತಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನೆ ಸಂಜೆ ನೀನು ಕಾರಿನಲ್ಲಿ ಹೊರಟಾಗ ಗೇಟಿನ ಹತ್ತಿರವೇ ನಿಂತು ನೋಡುತ್ತಿದ್ದೆ. ಬೀದಿ ಕೊನೆಯಲ್ಲಿ ಬ್ರೇಕ್ ಒತ್ತಿದೆಯಲ್ಲ, ಬಲಗಡೆ ದೀಪ ಮಾತ್ರ ಸರಿಯಾಗಿ ಹತ್ತಿತು. ಎಡಗಡೆ ಬ್ರೇಕ್ ಲೈಟ್ ಹತ್ತುವ ಬದಲು ಪಕ್ಕದ ಇಂಡಿಕೇಟರ್ ಮಂಕಾಗಿ ಮಿಣುಕಿತು. ಫೋನ್ ಮಾಡಿದರೆ ಹೈವೇಯಲ್ಲಿ ಓಡಿಸುತ್ತಲೇ ಎತ್ತುತ್ತೀಯ ಅಂತ ಹೆದರಿ ಆಗ ಮಾಡಲಿಲ್ಲ, ಅದಕ್ಕೇ ಈ ಕಾಗದ ಬರೆಯುತ್ತಿದ್ದೇನೆ.

ಹೂವಿನ ಲೋಡು ಹೊಡೆಯುತ್ತಿದ್ದ ಕಾಲದಲ್ಲಿ, ಒಂದು ಧನುರ್ಮಾಸದ ಬೆಳಗ್ಗೆ ನಂದಿ ಕ್ರಾಸ್ ಹತ್ತಿರ ಮಂಜು ಕವಿದಿತ್ತು. ಎಮ್ಮೆ ಅಡ್ಡ ಬಂತೆಂದು ಬ್ರೇಕ್ ಒತ್ತಿದೆ, ಹಿಂದಿನ ಟೆಂಪೋ ಬಂದು ಗುದ್ದಿತು. ಬೈಯೋಣ ಅಂತ ಇಳಿದರೆ ಆ ಹುಡುಗ, "ನಿಮ್ಮ ಲೈಟೇ ಹತ್ತಲಿಲ್ಲವಲ್ಲಣ್ಣ" ಅಂದ. ಎರಡೂ ಸತ್ತಿದ್ದವು. ಯಾವತ್ತಿನಿಂದ ಸತ್ತಿದ್ದವೋ ನನಗೇ ಗೊತ್ತಿರಲಿಲ್ಲ. ಸೀಟಿನಲ್ಲಿ ಕೂತವರಿಗೆ ಆ ದೀಪ ಕಾಣುವುದೇ ಇಲ್ಲವಮ್ಮ.

ನಿನ್ನ ಗಾಡಿಯದು ಬಹುಶಃ ಅರ್ಥಿಂಗ್ ತೊಂದರೆ. ಒಂದು ದೀಪ ಹತ್ತಬೇಕಾದಲ್ಲಿ ಪಕ್ಕದ್ದು ಮಂಕಾಗಿ ಹತ್ತಿದರೆ, ಕರೆಂಟು ಗಾಡಿಯ ಲೋಹದ ಮೈಗೆ ಇಳಿಯುವ ದಾರಿ ಕಾಣದೆ ಬೇರೆ ಬಲ್ಬಿನ ಮೂಲಕ ನುಸುಳುತ್ತಿದೆ ಅಂತ ಅರ್ಥ. ಡಿಕ್ಕಿ ತೆಗೆದು ಎಡಗಡೆ ದೀಪದ ಹಿಂದಿನ ಹೋಲ್ಡರ್ ಬಿಚ್ಚಿ ನೋಡು. ಮಳೆನೀರು ಇಳಿದಿದ್ದರೆ ಒಳಗಿನ ಹಿತ್ತಾಳೆ ಪಟ್ಟಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಬ್ಯಾಟರಿಯ ಮೈನಸ್ ವೈರ್ ತೆಗೆದಿಟ್ಟು, ಉಪ್ಪುಕಾಗದದ ಚೂರಿನಿಂದ ಹೊಳೆಯುವವರೆಗೆ ಉಜ್ಜು. ಅಲ್ಲಿಂದ ಗಾಡಿಯ ಮೈಗೆ ಹೋಗುವ ಅರ್ಥ್ ವೈರಿನ ಬೋಲ್ಟ್ ಬಿಚ್ಚಿ, ಅದರ ಕೆಳಗಿನ ತುಕ್ಕನ್ನೂ ಕೆರೆದು ಬಿಗಿ ಮಾಡು. ಹೆಚ್ಚಿನ ಸಲ ಇಷ್ಟರಲ್ಲೇ ಮುಗಿಯುತ್ತದೆ.

ಬಲ್ಬ್ ಕೈಗೆ ಬಂದಾಗ ಬೆಳಕಿಗೆ ಹಿಡಿದು ನೋಡು. ಬ್ರೇಕಿಗೂ ಪಾರ್ಕಿಂಗಿಗೂ ಒಂದೇ ಬಲ್ಬ್ ಇದ್ದರೆ ಒಳಗೆ ಎರಡು ತಂತಿ, 21 ವ್ಯಾಟಿನದೊಂದು, 5 ವ್ಯಾಟಿನದೊಂದು. ಪಾರ್ಕಿಂಗ್ ಹತ್ತುತ್ತದೆ ಅಂದಮಾತ್ರಕ್ಕೆ ಬಲ್ಬ್ ಸರಿ ಇದೆ ಅಂದುಕೊಳ್ಳಬೇಡ, ಬ್ರೇಕಿನ 21 ವ್ಯಾಟಿನ ದಪ್ಪ ತಂತಿಯೇ ಕಡಿದಿರಬಹುದು. ಅದರ ಎರಡು ಪಿನ್ನು ಮೇಲೆ ಕೆಳಗೆ ಇರುತ್ತವೆ. ಒಂದೇ ಕಡೆಯಿಂದ ಕೂರುತ್ತದೆ, ಬಲವಂತ ಮಾಡಬೇಡ.

ಇಂಡಿಕೇಟರ್ ಎಂದಿಗಿಂತ ಪಟಪಟ ಹೊಡೆದುಕೊಂಡರೆ ಆ ಬದಿಯಲ್ಲಿ ಒಂದು ಬಲ್ಬ್ ಹೋಗಿದೆ ಅಂತ. ನಿಮಿಷಕ್ಕೆ 60ರಿಂದ 120 ಸಲ ಮಿಟುಕುವುದು ಸರಿಯಾದ ಲೆಕ್ಕ. ಅಂಗಡಿಯವನು ಎಲ್‌ಇಡಿ ಹಾಕಿಕೊಡುತ್ತೇನೆ ಅಂದರೆ ಬೇಡ ಅನ್ನು. ಹಳೇ ಗಾಡಿಯಲ್ಲಿ ಇಂಡಿಕೇಟರ್ ಮಿಟುಕಿಸುವ ರಿಲೇಗೆ ಅಷ್ಟು ಕಡಿಮೆ ಕರೆಂಟು ಸಾಲದೆ, ಬಲ್ಬ್ ಹೋದ ಹಾಗೆಯೇ ಹೊಡೆದುಕೊಳ್ಳುತ್ತದೆ.

ಮುಂದೆ ಎಂದಾದರೂ ಹಿಂದಿನ ಗಾಜಿನ ಮೇಲಿನ ಮೂರನೇ ದೀಪವೂ ಸೇರಿ ಒಂದೂ ಹತ್ತದಿದ್ದರೆ ಮೊದಲು ಫ್ಯೂಸ್ ನೋಡು, ಆಮೇಲೆ ಪೆಡಲ್ ಮೇಲಿನ ಸ್ವಿಚ್. 10 ಆಂಪಿಯರಿನ ಕೆಂಪು ಫ್ಯೂಸ್ ಇದ್ದ ಕಡೆ 20ರ ಹಳದಿ ಹಾಕಬೇಡ, ಫ್ಯೂಸ್ ಉಳಿದು ವೈರ್ ಸುಡುತ್ತದೆ. ಬ್ರೇಕ್ ಬಿಟ್ಟ ಮೇಲೂ ದೀಪ ಆರದಿದ್ದರೆ, ಪೆಡಲಿನ ಮೇಲೆ ಸ್ವಿಚ್ ತಾಗುವಲ್ಲಿನ ಸಣ್ಣ ರಬ್ಬರ್ ಬಿರಟೆ ಪುಡಿಯಾಗಿ ಉದುರಿದೆಯಾ ನೋಡು. ಹಾಗೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಇಳಿದಿರುತ್ತದೆ.

ಒಬ್ಬಳೇ ಇದ್ದರೂ ಪರೀಕ್ಷೆ ಮಾಡಬಹುದು. ಕತ್ತಲಾದ ಮೇಲೆ ಗಾಡಿಯ ಹಿಂಭಾಗ ಗೋಡೆಗೆ ಹತ್ತಿರ ತಂದು ಬ್ರೇಕ್ ಒತ್ತು. ಗೋಡೆಯ ಮೇಲೆ ಎರಡೂ ಕಡೆ ಕೆಂಪು ಬೀಳಬೇಕು, ಕನ್ನಡಿಯಲ್ಲೇ ಕಾಣುತ್ತದೆ. ವಾರಕ್ಕೊಮ್ಮೆ ಹೀಗೆ ನೋಡಿಕೋ. ಈ ಕಾಗದ ಸಿಕ್ಕ ರಾತ್ರಿಯೇ ನೋಡಿ ಎಡಗಡೆ ಹತ್ತದಿದ್ದರೆ ಮಾರನೆಯ ದಿನದಿಂದ ಬಸ್ಸಿನಲ್ಲೇ ಆಫೀಸಿಗೆ ಹೋಗು. ಶನಿವಾರ ನಾನೇ ಬಂದು ಬಿಚ್ಚಿಕೊಡುತ್ತೇನೆ, ಕರೆಂಟು ಬರುತ್ತಿದೆಯಾ ನೋಡುವ ಟೆಸ್ಟ್ ಲ್ಯಾಂಪ್ ಚೀಲದಲ್ಲಿ ಹಾಕಿಟ್ಟಿದ್ದೇನೆ.

ಇಂತಿ,
ನಿನ್ನ ದೊಡ್ಡಪ್ಪ